ನಾಚಿಕೆ ಎಂದು ಬರೆದ ಕಾರ್ಡುಗಳು

ಪ್ರಬಂಧಕ್ಕೆ ಒಂದು ನಿಲುವು ಇರಬೇಕು, ಅದು ಮೊದಲ ಪುಟದಲ್ಲೇ ಗೊತ್ತಾಗಬೇಕು, ಹದಿನೈದು ಪುಟ ದಾಟಬಾರದು, ಟೈಪು ಮಾಡಿದ ಮೂರು ಪ್ರತಿ ಕೊಡಬೇಕು. ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ನಿಂತು ನನ್ನ ಗೆಳತಿ ಇದನ್ನೆಲ್ಲ ಒಂದೊಂದಾಗಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು. ನಾನು ನೇರವಾಗಿ ಕೊನೆಯ ಸಾಲಿಗೆ ಹಾರಿದ್ದೆ. ಆಯ್ಕೆಯಾದ ಪ್ರಬಂಧ ಬರೆದವರಿಗೆ ಎಂ.ಎ. ಎರಡೂ ವರ್ಷದ ಫೀಸು ಮಾಫಿ ಎಂದಿತ್ತು. ತೊಂಬತ್ತರ ದಶಕದ ನಡುವಿನ ಮಾತಿದು. ನಾವಿಬ್ಬರೂ ಕಲಬುರಗಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆವು.

ವಿಷಯವನ್ನು ಸ್ಪರ್ಧೆ ನಡೆಸುವ ಸಮಿತಿಯವರೇ ಕೊಟ್ಟಿದ್ದರು: ಐದನೆಯ ತರಗತಿಯವರೆಗೆ ದೇಶದ ಎಲ್ಲ ಮಕ್ಕಳಿಗೂ ಮಾತೃಭಾಷೆಯಲ್ಲೇ ಶಿಕ್ಷಣ ಕಡ್ಡಾಯವಾಗಬೇಕೇ? ಹೌದು ಅನ್ನಬಹುದು, ಇಲ್ಲ ಅನ್ನಬಹುದು, ನಡುವೆ ನಿಲ್ಲುವಂತಿಲ್ಲ. ನಾವು ಹೌದು ಅಂದೆವು. ಆ ಹೊತ್ತಿಗೆ ನಮ್ಮ ಓಣಿಗಳಲ್ಲೂ ಟೈ ಕಟ್ಟಿಕೊಂಡು ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳು ಕಾಣತೊಡಗಿದ್ದರು. ಅವರನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಸಮಿತಿ ಮುಂಚಿತವಾಗಿ ಕೇಳಿದ್ದ ಒಂದು ಪುಟದ ಸಾರಾಂಶ ಬರೆದು ಜನವರಿಯಲ್ಲೇ ಕಳಿಸಿಬಿಟ್ಟೆವು. ಕನ್ನಡ ನಾಡಿನ ಮಗುವಿನ ಮಾತೃಭಾಷೆ ಕನ್ನಡ, ಅದರಲ್ಲೇ ಅದು ಕಲಿಯಲಿ ಎಂಬುದು ಅದರ ತಿರುಳು.

ನಮ್ಮ ಮನೆ ಶಹಾಬಜಾರದಲ್ಲಿತ್ತು. ಅಬ್ಬಾ ಸರ್ಕಾರಿ ಕಚೇರಿಯೊಂದರಲ್ಲಿ ದಫ್ತರಿ, ಅಂದರೆ ಫೈಲುಗಳನ್ನು ಹೊಲಿದು ಕಟ್ಟಿ ಕಪಾಟಿನಲ್ಲಿಡುವ ಕೆಲಸ. ಅವರು ಉರ್ದುವಿನಲ್ಲಿ ಓದಿದವರು. ನೌಕರಿ ಸೇರಿದ ಮೇಲೆ ಕಚೇರಿಯ ಕಾಗದಪತ್ರವೆಲ್ಲ ಕನ್ನಡಕ್ಕೆ ತಿರುಗಿತು. ಜೊತೆಗೆ ಸೇರಿದವರು ಗುಮಾಸ್ತರಾದರು, ಇವರು ತಮಗೆ ಓದಲು ಬಾರದ ಫೈಲುಗಳನ್ನು ಹೊಲಿಯುತ್ತ ಅಲ್ಲೇ ಉಳಿದರು. ನನ್ನನ್ನು ಕನ್ನಡ ಶಾಲೆಗೆ ಹಾಕಿದ್ದು ಅದೇ ಕಾರಣಕ್ಕೆ. ಈಗ ಅವರ ನಿವೃತ್ತಿ ಹತ್ತಿರ ಬಂದಿತ್ತು, ನನ್ನ ಕೆಳಗೆ ಇಬ್ಬರು ತಮ್ಮಂದಿರು ಓದುತ್ತಿದ್ದರು. ಕಪನೂರಿನ ಒಂದು ಬೇಳೆ ಮಿಲ್ಲಿನ ಆಫೀಸಿಗೆ ಕನ್ನಡ ಟೈಪಿಂಗ್ ಬಲ್ಲ ಹುಡುಗಿ ಬೇಕಾಗಿದ್ದಳು. ನಾನು ಟೈಪಿಂಗ್ ಪರೀಕ್ಷೆ ಪಾಸಾಗಿದ್ದೆ. ಅಬ್ಬಾ ಅಲ್ಲಿ ಮಾತಾಡಿ ಬಂದಿದ್ದರು.

“ಫೀಸು ಮಾಫಿ ಆದರೆ ಓದು ಬೇಟಿ. ಆಗಲಿಲ್ಲ ಅಂದರೆ ಜುಲೈಯಿಂದ ಮಿಲ್ಲು. ಬೇಡ ಅನ್ನೋನಲ್ಲ ನಾನು, ಆದರೆ ನನ್ನ ಕೈಲಾಗೋದು ಇಷ್ಟೇ,” ಎಂದರು. ನಮ್ಮ ಮನೆಯ ಉರ್ದುವಾದ ದಖನಿಯಲ್ಲಿ ಆಡಿದ ಮಾತು, ಇಲ್ಲಿ ಕನ್ನಡ ಮಾಡಿದ್ದೇನೆ. ಜೋರು ಮಾಡಿದ್ದರೆ ನಾನೂ ಜೋರು ಮಾಡುತ್ತಿದ್ದೆ. ಹಾಗೆ ಮೆತ್ತಗೆ ಹೇಳಿದರೆ ಏನು ಮಾಡುವುದು? ಆಗಲಿ ಅಂದೆ.

ಗೆಳತಿಯ ಮನೆ ಎರಡು ಓಣಿ ಆಚೆ. ಅವಳ ತಂದೆ ಬ್ಯಾಂಕಿನ ಗುಮಾಸ್ತರು, ಬೆಳಗಿನ ಹೊತ್ತು ಪೌರೋಹಿತ್ಯಕ್ಕೂ ಹೋಗುತ್ತಿದ್ದರು. ಮನೆಯಲ್ಲಿ ಮರಾಠಿ, ಬಾಗಿಲು ದಾಟಿದರೆ ಕನ್ನಡ. ಮಾಫಿ ಸಿಗಲಿ ಬಿಡಲಿ ಅವಳು ಎಂ.ಎ.ಗೆ ಹೋಗುವವಳೇ. ಪ್ರಬಂಧಕ್ಕೆ ಕೈ ಜೋಡಿಸಿದ್ದು ನನಗಾಗಿ, ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮಿಬ್ಬರಲ್ಲಿ ನಿಧಾನ ಅವಳದು, ಸಿಟ್ಟು ನನ್ನದು. ಅವಳ ತಂದೆಗೆ ಬಂದ ಹಳೆಯ ಲಗ್ನಪತ್ರಿಕೆಗಳು ಅಟ್ಟದ ಮೇಲೆ ರಾಶಿ ಬಿದ್ದಿದ್ದವು. ಅವನ್ನು ಇಳಿಸಿ, ಅಂಗೈಯಗಲ ಕತ್ತರಿಸಿ, ಹಿಂಬದಿಯನ್ನು ಕಾರ್ಡು ಮಾಡಿಕೊಂಡೆವು. ಶಾಲೆಗಳಿಗೆ ಹೋಗಿ ಮಾತಾಡಿಸುವ ಒಂದು ಮಗುವಿಗೆ ಒಂದು ಕಾರ್ಡು.

ನಮಗೆ ಮಾರ್ಗದರ್ಶನ ಮಾಡುತ್ತಿದ್ದ ಸರ್ ಕನ್ನಡ ಮಾಧ್ಯಮದ ಪರವಾಗಿ ಊರೂರಲ್ಲಿ ಭಾಷಣ ಮಾಡಿದವರು. “ಪುಸ್ತಕದಾಗಿಂದು ಎಲ್ಲರೂ ತರ್ತಾರ. ನೀವು ಮಕ್ಕಳ ಬಾಯಿಂದ ತರ್ರಿ,” ಅಂದರು. “ಮತ್ತ ನೋಡ್ರಿ, ಒಂದು ಕಡಿ ನಿಲ್ರಿ, ಗಟ್ಟಿ ನಿಲ್ರಿ. ಆ ಕಡೀನೂ ಖರೆ, ಈ ಕಡೀನೂ ಖರೆ ಅಂತ ಬರದ್ರ ಯಾರೂ ಓದಂಗಿಲ್ಲ.”

ಅವರೇ ಒಂದು ಚೀಟಿ ಬರೆದುಕೊಟ್ಟು ನಮ್ಮನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕಳಿಸಿದರು. ಶಿಕ್ಷಣ ಆಯೋಗಗಳ ವರದಿಗಳು ಅಲ್ಲಿ ಮಾತ್ರ ಇದ್ದವು. ಎರಡು ದಿನ ಕೂತು ಪೆನ್ಸಿಲಿನಲ್ಲಿ ನಕಲು ಮಾಡಿಕೊಂಡೆವು. ಓದುವ ಕೋಣೆಯಲ್ಲಿ ಉದ್ದನೆಯ ಮೇಜುಗಳಿದ್ದವು, ಎದುರಿನ ಕಿಟಕಿಯ ಪಕ್ಕ ಎಂ.ಎ. ಹುಡುಗಿಯರು ಕೂತಿದ್ದರು. ಒಬ್ಬಳು ತೆರೆದ ಪುಸ್ತಕದ ಮೇಲೆ ಮೊಣಕೈಯೂರಿ ಸುಮ್ಮನೆ ಹೊರಗೆ ನೋಡುತ್ತಿದ್ದಳು. ಓದುತ್ತಲೂ ಇರಲಿಲ್ಲ. ಓದದೆ ಕೂರುವುದಕ್ಕೂ ಇವಳಿಗೆ ಎರಡು ವರ್ಷ ಇದೆಯಲ್ಲ ಅಂತ ನಕಲು ಮಾಡುವುದನ್ನು ಬಿಟ್ಟು ಅವಳನ್ನೇ ನೋಡಿದೆ. ಆ ಜಾಗ ನನಗೆ ಬೇಕಾಗಿತ್ತು. ಪದವಿಗಿಂತ ಹೆಚ್ಚಾಗಿ ಆ ಕುರ್ಚಿ, ಆ ಕಿಟಕಿ, ಪಕ್ಕದಲ್ಲಿ ನನ್ನ ಗೆಳತಿ.

ಮಕ್ಕಳನ್ನು ಪರೀಕ್ಷಿಸುವ ವಿಧಾನ ನಮ್ಮದೇ. ಗೆಳತಿ ಡ್ರಾಯಿಂಗ್ ಹಾಳೆಯ ಮೇಲೆ ಒಂದು ಸಂತೆಯ ಚಿತ್ರ ಬರೆದಳು. ಬಾಳೆಹಣ್ಣು ಮಾರುವ ಹೆಂಗಸು, ಅವಳು ಅತ್ತ ತಿರುಗಿದಾಗ ಬುಟ್ಟಿಗೆ ಬಾಯಿ ಹಾಕಿದ ಆಡು, ಮರದಡಿ ಟೋಪಿಯಿಂದ ಮುಖ ಮುಚ್ಚಿಕೊಂಡು ಮಲಗಿದ ಮುದುಕ. ಒಂದನೇ, ಎರಡನೇ ಇಯತ್ತೆಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಇದರಲ್ಲಿ ಏನೇನು ನಡೆದಿದೆ ಎಂದು ಕೇಳುವುದು. ಕೇಳುವವಳು ಅವಳು, ಬರೆಯುವವಳು ನಾನು. ಮಗು ಹೇಳಿದ್ದನ್ನು ಹೇಳಿದಂತೆಯೇ ಬರೆದು, ಪೂರ್ತಿ ವಾಕ್ಯ ಎಷ್ಟಿದೆ ಎಂದು ಆಮೇಲೆ ಎಣಿಸುವುದು.

ಮೊದಲು ನಗರದ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋದೆವು. ಇಂಗ್ಲಿಷಿನಲ್ಲಿ ಕೇಳಿದರೆ “ಗೋಟ್” ಅಂದರು, “ಬನಾನಾ” ಅಂದರು, ಮುಂದೆ ಬಾಯಿಗೆ ಬೀಗ. ಗೆಳತಿ ಅದನ್ನೇ ಕನ್ನಡದಲ್ಲಿ ಕೇಳಿದಳು. ಆಗ ನೋಡಬೇಕಿತ್ತು. ಒಬ್ಬ ಹುಡುಗ ಆಡಿನಿಂದ ಶುರುಮಾಡಿ ಅವನ ಅಜ್ಜಿಯ ಊರಿನವರೆಗೂ ಹೋದ, ನನ್ನ ಕೈ ಸೋತಿತು. ಶಾಲೆಯ ಗೇಟು ದಾಟಿದ ಮೇಲೆ ನಾನು ಕುಣಿಯುವುದೊಂದು ಬಾಕಿ. ನಮ್ಮ ವಾದಕ್ಕೆ ಇದಕ್ಕಿಂತ ಇನ್ನೇನು ಬೇಕು? ಇನ್ನು ಕನ್ನಡದಲ್ಲೇ ಕಲಿಯುವ ಮಕ್ಕಳು ಸರಾಗವಾಗಿ ಹೇಳುತ್ತಾರೆಂದು ತೋರಿಸಿಬಿಟ್ಟರೆ ಮುಗಿಯಿತು. ಅದಕ್ಕೆ ಸರ್ ಪರಿಚಯದ ಹೆಡ್‌ಮಾಸ್ತರರು ಇದ್ದ ಕಮಲಾಪುರದ ಕಡೆಯ ಒಂದು ಶಾಲೆಯನ್ನು ಆರಿಸಿಕೊಂಡೆವು.

ಶನಿವಾರ ಬೆಳಗಿನ ಶಾಲೆ. ಏಳರ ಬಸ್ಸು ಹಿಡಿದು ಹುಮನಾಬಾದ್ ರಸ್ತೆಯಲ್ಲಿ ಹೋಗಬೇಕು. ಊರು ಬಿಟ್ಟ ಮೇಲೆ ಕಪನೂರು ಬರುತ್ತದೆ. ಬೇಳೆ ಮಿಲ್ಲುಗಳ ಗೇಟು, ನಿಂತ ಲಾರಿಗಳು, ತೊಗರಿ ಹೊಟ್ಟಿನ ಧೂಳು. ಮೊದಲ ಸಲ ನಾನು ಮುಖ ಈಚೆ ತಿರುಗಿಸಿದ್ದನ್ನು ಗೆಳತಿ ನೋಡಿದಳು. ಎರಡನೇ ಸಲದಿಂದ ಕಿಟಕಿಯ ಪಕ್ಕ ತಾನೇ ಕೂತಳು. “ನನಗ ಗಾಳಿ ಬೇಕವಾ,” ಅಂದಳು.

ಕಮಲಾಪುರದ ಸ್ಟ್ಯಾಂಡಿನಲ್ಲಿ ಇಳಿದರೆ ಬುಟ್ಟಿಗಳಲ್ಲಿ ಅಲ್ಲಿಯ ಕೆಂಪು ಬಾಳೆಹಣ್ಣು. ಅಲ್ಲಿಂದ ನಡೆದು ಶಾಲೆ. ಹೆಡ್‌ಮಾಸ್ತರರು ಒಳ್ಳೆಯವರು, ನಮಗೆ ಚಹಾ ತರಿಸಿ ದಾಖಲಾತಿ ರಿಜಿಸ್ಟರನ್ನೇ ಮುಂದಿಟ್ಟರು. ಮಾತೃಭಾಷೆ ಎಂಬ ಕಾಲಮ್ಮಿನಲ್ಲಿ ಮೊದಲ ಮಗುವಿನ ಎದುರು ‘ಕನ್ನಡ’ ಎಂದಿತ್ತು. ಕೆಳಗೆ ಪುಟದ ಕೊನೆಯವರೆಗೂ ಪುಟ್ಟ ಎರಡೆರಡು ಗೆರೆ, ಅಂದರೆ ಮೇಲಿನಂತೆಯೇ. ಪುಟ ತಿರುಗಿಸಿದರೆ ಮತ್ತೆ ಮೇಲೊಂದು ಕನ್ನಡ, ಕೆಳಗೆ ಗೆರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವರು ನಾವೇ. ಎಲ್ಲ ಮಕ್ಕಳ ಮಾತೃಭಾಷೆಯೂ ಕನ್ನಡ ಎಂದು ಸಂತೋಷದಿಂದ ಬರೆದುಕೊಂಡೆವು.

ಪರೀಕ್ಷೆ ಶುರುವಾಯಿತು. ಕೆಲವು ಮಕ್ಕಳು ಚೆನ್ನಾಗಿ ಹೇಳಿದರು. ಇನ್ನು ಕೆಲವರು, ಅವರ ಸಂಖ್ಯೆ ಕಡಿಮೆಯೇನೂ ಇರಲಿಲ್ಲ, ಬಂದು ನಿಂತು ಹೆಬ್ಬೆರಳಿನಿಂದ ನೆಲ ಕೆರೆದರು. ಆಡನ್ನು ನೋಡಿ ನಕ್ಕರು. ನಗುವುದು ನಕ್ಕರು, ಮಾತು ಮಾತ್ರ ಇಲ್ಲ. ಗೆಳತಿ ಎಷ್ಟು ಪುಸಲಾಯಿಸಿದರೂ ಇಲ್ಲ.

“ಅವು ತಾಂಡಾದ್ವು ತಂಗಿ,” ಎಂದರು ಹೆಡ್‌ಮಾಸ್ತರರು. ಹತ್ತಿರದ ಲಂಬಾಣಿ ತಾಂಡಾಗಳಿಂದ ನಡೆದು ಬರುವ ಮಕ್ಕಳು. “ನಾಚಿಕಿ ಭಾಳ ಅವಕ್ಕ. ಒಂದೆರಡು ವರ್ಷ ಹಿಂಗೇ ಕುಂದರ್ತಾವ. ಆಮ್ಯಾಲ ಕೆಲವು ಮಾತಾಡ್ತಾವ, ಕೆಲವು ಶಾಲಿ ಬಿಡ್ತಾವ.”

ನಾನು ಆ ಕಾರ್ಡುಗಳ ಮೂಲೆಯಲ್ಲಿ ‘ನಾಚಿಕೆ’ ಎಂದು ಬರೆದು ಬೇರೆ ಕಟ್ಟು ಕಟ್ಟಿದೆ.

ಮೂರು ಶನಿವಾರ ಹೀಗೇ ಹೋದೆವು. ಆಮೇಲೆ ಗೆಳತಿಯ ಮನೆಯ ಪಡಸಾಲೆಯಲ್ಲಿ ಕಾರ್ಡು ಹರಡಿಕೊಂಡು ಕೋಷ್ಟಕ ಮಾಡಲು ಕೂತೆವು. ಕೋಷ್ಟಕ ಸರಿಬರಲಿಲ್ಲ. ನಾಚಿಕೆಯ ಕಟ್ಟನ್ನು ಸೇರಿಸಿದರೆ ಕಮಲಾಪುರದ ಮಕ್ಕಳು ಇಂಗ್ಲಿಷ್ ಶಾಲೆಯ ಮಕ್ಕಳಿಗಿಂತ ಮೇಲೇನೂ ಆಗುತ್ತಿರಲಿಲ್ಲ. ನಮ್ಮ ವಾದ ಅಲ್ಲಿಗೇ ಕುಸಿಯುತ್ತಿತ್ತು. ಮೂರು ಸಲ ಎಣಿಸಿದೆ, ಎಣಿಸಿದಷ್ಟೂ ತಲೆ ಕೆಟ್ಟಿತು.

“ಇವನ್ನ ಎಲ್ಲಿ ಹಾಕೋಣು?” ಎಂದಳು ಗೆಳತಿ, ಕಟ್ಟನ್ನು ಕೈಯಲ್ಲಿ ಹಿಡಿದು.

“ಎಲ್ಲೂ ಬ್ಯಾಡ. ನಾಚಿಕಿಗೂ ಭಾಷಾಕ್ಕೂ ಏನು ಸಂಬಂಧ? ಬ್ಯಾರೆ ಇಡು.”

ಅವಳು ಬೇರೆ ಇಟ್ಟಳು. ಸಂಕೋಚದಿಂದ ಉತ್ತರಿಸದ ಕೆಲವು ಮಕ್ಕಳನ್ನು ಬಿಡಲಾಗಿದೆ ಎಂದು ಒಂದು ಅಡಿಟಿಪ್ಪಣಿ ಹಾಕಿದೆವು. ಕೋಷ್ಟಕ ಥಟ್ಟನೆ ಚೆಂದವಾಯಿತು. ಸರ್ ಕರಡು ಓದಿ ಕನ್ನಡಕ ತೆಗೆದು, “ಇದು ಹೋಗ್ತದ ನೋಡ್ರಿ,” ಅಂದರು. ಹೊಗಳದ ಮನುಷ್ಯ ಅವರು. ಆ ದಿನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಾನು ಎಂ.ಎ. ವಿದ್ಯಾರ್ಥಿನಿಯಾಗಿಯೇ ನಡೆದೆ.

ನಾನು ಕಲಿತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲೇ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಮಷೀನು ಕೊಟ್ಟರು. ಮೇಲೆ ಒಳ್ಳೆಯ ಹಾಳೆ, ಕೆಳಗೆ ಎರಡು ಕಾರ್ಬನ್, ಎರಡು ತೆಳು ಹಾಳೆ. ಕನ್ನಡದ ಮಷೀನಿನಲ್ಲಿ ಒಂದು ಅಕ್ಷರಕ್ಕೆ ಎರಡು ಮೂರು ಕೀಲಿ ಒತ್ತಬೇಕು. ಒತ್ತಕ್ಷರ ತಪ್ಪಿದರೆ ಮೂರೂ ಪ್ರತಿಯಲ್ಲಿ ತಿದ್ದಬೇಕು, ಕೆಳಗಿನ ಪ್ರತಿಗಳಲ್ಲಿ ಅದು ಮಸಿಯಾಗುತ್ತದೆ. ಕೊಡಬೇಕಾದ ದಿನಕ್ಕೆ ಇನ್ನೊಂದು ವಾರವಿರುವಾಗ ಒಂಬತ್ತು ಪುಟ ಮುಗಿದಿತ್ತು.

ಆಗ ನೆನಪಾಯಿತು: ಮಾಹಿತಿ ಖರೆ ಎಂದು ಶಾಲೆಯ ಸಹಿ, ಶಿಕ್ಕೆ ಬೇಕು. ಅದಕ್ಕಾಗಿ ಆ ಶನಿವಾರ ಇನ್ನೊಮ್ಮೆ ಕಮಲಾಪುರಕ್ಕೆ ಹೋದೆವು. ಹೆಡ್‌ಮಾಸ್ತರರು ಯಾವುದೋ ಮೀಟಿಂಗಿಗೆ ಹೋಗಿದ್ದರು, ಹನ್ನೊಂದಕ್ಕೆ ಬರುತ್ತಾರೆಂದರು. ಮಕ್ಕಳು ವರಾಂಡದಲ್ಲಿ ಗದ್ದಲ ಹಾಕುತ್ತಿದ್ದವು. ಸುಮ್ಮನಿರಲೆಂದು ಗೆಳತಿ ಚೀಲದಿಂದ ಆ ಚಿತ್ರ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿದಳು.

ಶಾಲೆಗೆ ನೀರು ತುಂಬುವ ಹೆಂಗಸು, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದವಳು, ಕೊಡ ಹೊತ್ತುಕೊಂಡು ಬಂದಳು. ತಾಂಡಾದವಳು, ನಡುವಯಸ್ಸು. ಪ್ರತಿ ಶನಿವಾರ ನೋಡಿದ್ದೆವು, ಒಮ್ಮೆಯೂ ಮಾತಾಡಿಸಿರಲಿಲ್ಲ. ಅವಳು ಕೊಡ ಇಳಿಸಿ ಚಿತ್ರವನ್ನು ನೋಡಿದಳು, ಆಡನ್ನು ಕಂಡು ನಕ್ಕಳು, ತಿರುಗಿ ಮಕ್ಕಳಿಗೆ ತನ್ನ ಮಾತಿನಲ್ಲಿ ಏನನ್ನೋ ಕೇಳಿದಳು. ವರಾಂಡ ಎದ್ದು ನಿಂತಿತು. ನಾನು ಮೂಲೆಯಲ್ಲಿ ನಾಚಿಕೆ ಎಂದು ಬರೆದಿದ್ದ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಒಂದು ಹುಡುಗಿ, ಎರಡು ಸಲ ಕರೆದಾಗಲೂ ಕತ್ತೆತ್ತಿ ನೋಡದಿದ್ದವಳು, ಚಿತ್ರದ ಹತ್ತಿರ ಹೋಗಿ ಮುದುಕನ ಟೋಪಿಯ ಮೇಲೆ ಬೆರಳಿಟ್ಟು ಉದ್ದಕ್ಕೆ ಹೇಳಿದಳು.

“ಏನಂತಾಳ?” ಎಂದೆ.

“ಮುದುಕ ಮಲಗಿಲ್ಲಂತ್ರಿ,” ಎಂದಳು ಬಾಯಿ. “ಟೋಪಿ ಸಂದ್ಯಾಗಿಂದ ನೋಡಾಕತ್ಯಾನಂತ. ಆಡು ಅವಂದೇ ಅಂತ. ಬೇಕಂತ ಬಿಟ್ಟಾನಂತ.”

ನಗರದ ಶಾಲೆಯಲ್ಲಾಗಲಿ ಇಲ್ಲಾಗಲಿ ಯಾವ ಮಗುವೂ ಇದನ್ನು ಹೇಳಿರಲಿ‌ಲ್ಲ. ಚಿತ್ರ ಬರೆದ ಗೆಳತಿಗೂ ಹೊಳೆದಿರಲಿಲ್ಲ. ಅವಳು ಹುಡುಗಿಯನ್ನೇ ನೋಡುತ್ತ ನಿಂತುಬಿಟ್ಟಳು.

“ಇವಕ್ಕ ನಾಚಿಕಿ ಅಂದಿದ್ರು,” ಎಂದೆ ನಾನು. ದನಿ ನನಗೇ ಸಣ್ಣದಾಗಿ ಕೇಳಿತು.

“ನಾಚಿಕಿ ಎಲ್ಲಿಂದ್ರೀ ಅಕ್ಕಾ. ನೀವು ಕೇಳಿದ್ದು ಅವಕ್ಕ ತಿಳಿಯಂಗಿಲ್ಲ. ಮನ್ಯಾಗ ನಮ್ದು ಬ್ಯಾರೆ ಮಾತು.” ಅವಳು ಕೊಡ ಎತ್ತಿಕೊಂಡಳು. ನಾವು ಇದನ್ನು ಬರೆಯುತ್ತೇವೆಂದು ಹೇಳಿದೆ. “ಬರೀರಿ. ಬರದ್ರ ಏನಾಗ್ತದ?” ಎಂದಳು. ವ್ಯಂಗ್ಯವೇನಿರಲಿಲ್ಲ, ನಿಜವಾಗಿಯೇ ಕೇಳಿದಳು.

ಹೆಡ್‌ಮಾಸ್ತರರು ಬಂದ ಮೇಲೆ ರಿಜಿಸ್ಟರಿನ ಆ ಗೆರೆಗಳ ಬಗ್ಗೆ ಕೇಳಿದೆ. ಅವರು ಮುಚ್ಚಿಡಲಿಲ್ಲ. “ಶಾಲಿ ಕನ್ನಡದ್ದು ತಂಗಿ. ಮೊದಲ್ನೇ ಸಾಲು ಬರದು ಕೆಳಗ ಎಳಕೊಂಡು ಹೋಗ್ತೇವಿ. ನನ್ನ ಮುಂಚಿನವ್ರೂ ಹಂಗೇ ಮಾಡ್ಯಾರ. ಕಾಲಮ್ ಖಾಲಿ ಬಿಟ್ರ ಮ್ಯಾಲಿನವ್ರು ಕೇಳ್ತಾರ, ತುಂಬಿದ್ರ ಯಾರೂ ಕೇಳಂಗಿಲ್ಲ.” ಹಾಗೆ ಹೇಳುತ್ತಲೇ ನಮ್ಮ ಕಾಗದಕ್ಕೆ ಸಹಿ ಮಾಡಿ, ಶಿಕ್ಕೆ ಒತ್ತಿ, ಊದಿ ಒಣಗಿಸಿ ಕೊಟ್ಟರು. ಎಲ್ಲ ಮಕ್ಕಳ ಮಾತೃಭಾಷೆ ಕನ್ನಡವೆಂಬುದಕ್ಕೆ ಪಕ್ಕಾ ಪುರಾವೆ ನನ್ನ ಕೈಯಲ್ಲಿತ್ತು.

ವಾಪಸು ಬಸ್ಸು ಹತ್ತಿದೆವು. ಗೆಳತಿ, “ಇದ್ದದ್ದು ಇದ್ದಂಗ ಕೊಟ್ಟುಬಿಡೋಣು,” ಅಂದಳು. “ಸುಳ್ಳಂತೂ ಬರದಿಲ್ಲ. ಅಡಿಟಿಪ್ಪಣಿ ಅದ. ಸಾರಾಂಶ ಆಗಲೇ ಹೋಗ್ಯಾದ, ಈಗ ಬದಲಿ ಮಾಡಿದ್ರ ತೆಗದು ಒಗೀತಾರ. ನಿನಗ ಎಂ.ಎ. ಬೇಕು.”

“ಅದು ನನಗ ಗೊತ್ತಿಲ್ಲೇನು? ನೀ ಹೇಳಬೇಕೇನು?” ಎಂದು ಅವಳ ಮೇಲೆ ಹರಿಹಾಯ್ದೆ. ಅವಳು ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿಗೆ ನನಗೇ ಕೆಟ್ಟೆನಿಸಿ, ಮಾತಿಗೆ ಮಾತು ಸಿಗಲೆಂದು ಕೇಳಿದೆ, “ಕಾಲೇಜು ಅಡ್ಮಿಷನ್ ಫಾರ್ಮಿನಾಗ ಮಾತೃಭಾಷಾ ಏನಂತ ಬರದೀ ನೀ?”

“ಕನ್ನಡ.”

“ಮನ್ಯಾಗ ಮರಾಠಿ ಮಾತಾಡ್ತೀ.”

“ಹೌದಲ್ಲ,” ಅಂದಳು, ಆಗ ಹೊಳೆದವಳಂತೆ. “ಎಲ್ಲರೂ ಬರದ್ರು, ನಾನೂ ಬರದೆ. ನೀ ಏನು ಬರದೀ?”

“ಕನ್ನಡ.”

ಇಬ್ಬರಿಗೂ ನಗು ಬಂತು. ಒಬ್ಬಳದು ಮರಾಠಿ, ಒಬ್ಬಳದು ದಖನಿ, ಇಬ್ಬರೂ ಸೇರಿ ಮಾತೃಭಾಷೆಯ ಮೇಲೆ ಹದಿನೈದು ಪುಟ ಬರೆದಿದ್ದೆವು, ಒಂದು ಸಾಲಿನಲ್ಲೂ ನಮ್ಮ ಮನೆಗಳು ಬಂದಿರಲಿಲ್ಲ. ನಗುತ್ತಿದ್ದವಳಿಗೆ ನನಗೆ ಒಂದನೇ ಇಯತ್ತೆ ನೆನಪಾಯಿತು. ಹೊರಗೆ ಹೋಗಬೇಕಾಗಿತ್ತು. ಅದನ್ನು ಕನ್ನಡದಲ್ಲಿ ಹೇಗೆ ಕೇಳುವುದೆಂದು ಗೊತ್ತಿರಲಿಲ್ಲ. ಕೂತಲ್ಲೇ ಲಂಗ ಒದ್ದೆಯಾಯಿತು. ಟೀಚರು ಅಮ್ಮಿಯನ್ನು ಕರೆಸಿ ನಿಮ್ಮ ಮಗಳಿಗೆ ನಾಚಿಕೆ ಜಾಸ್ತಿ ಎಂದಿದ್ದರು. ನನಗೆ ನಾಚಿಕೆ! ನನ್ನ ಬಾಯಿಗೆ ಓಣಿಯ ಗಂಡುಹುಡುಗರು ಹೆದರುತ್ತಿದ್ದರು. ಪೂರ್ತಿ ಒಂದು ವರ್ಷ ಆ ಶಾಲೆಯಲ್ಲಿ ನಾನು ಮೂಕಿಯಾಗಿ ಕೂತಿದ್ದೆ, ಅದನ್ನು ಪೂರಾ ಮರೆತೂ ಬಿಟ್ಟಿದ್ದೆ.

ಕಪನೂರು ಬಂತು. ಆ ಸಲ ನಾನು ಗೆಳತಿಯ ಭುಜದ ಮೇಲಿಂದ ಬಗ್ಗಿ ಮಿಲ್ಲಿನ ಗೇಟನ್ನು ನೋಡಿದೆ. ಸತ್ಯದ ಮೇಲಿನ ಪ್ರೀತಿ ಅಂತ ಹೇಳಲಾರೆ. ಆ ಟೀಚರಿನ ಮೇಲೆ, ಅವರಂತೆಯೇ ಮೂಲೆಯಲ್ಲಿ ಷರಾ ಬರೆದ ನನ್ನ ಮೇಲೆ ನನಗೆ ಬಂದದ್ದು ಸಿಟ್ಟು.

“ಆ ಕಾರ್ಡು ಒಳಗ ಹಾಕೋಣು,” ಎಂದೆ.

ಸೋಮವಾರ ಸರ್ ಎಲ್ಲ ಕೇಳಿಸಿಕೊಂಡರು. “ನೀವು ಹೇಳೂದು ನನಗ ತಿಳೀತದ,” ಎಂದರು. “ಆದ್ರ ನಾಳೆ ಇದನ್ನೇ ಹಿಡ್ಕೊಂಡು, ನೋಡ್ರಿ, ಕನ್ನಡದಾಗೂ ಮಕ್ಕಳಿಗೆ ತಿಳಿಯಂಗಿಲ್ಲ, ಅಂದಮ್ಯಾಲ ಇಂಗ್ಲಿಷೇ ಇರಲಿ ಅಂತಾರ. ಇಷ್ಟು ವರ್ಷ ನಾನು ಬಡಿದಾಡಿದ್ದು ನೀರಾಗ ಹೋಮ. ಮತ್ತ ನಿಲುವು ಬದಲಿಸಿದ್ರ ಸಮಿತಿಯವ್ರು ಸುಮ್ನಿರಂಗಿಲ್ಲ. ನಿನ್ನ ಮನಿ ಪರಿಸ್ಥಿತಿ ನನಗ ಗೊತ್ತದವಾ. ವಿಚಾರ ಮಾಡು.”

ವಿಚಾರ ಮಾಡಿದೆ. ಮಂಗಳವಾರ ಮತ್ತೆ ಕಮಲಾಪುರಕ್ಕೆ ಹೋದೆವು. ಬಾಯಿ ನೀರು ತುಂಬಿ ಮುಗಿಸಿ ನಮ್ಮ ಜೊತೆ ಕೂತಳು. ಆ ಕಟ್ಟಿನ ಒಂದೊಂದು ಮಗುವನ್ನೂ ಕರೆದು, ಅವಳು ಕೇಳಿದಳು, ಅವಳೇ ಅರ್ಥ ಹೇಳಿದಳು, ನಾನು ಬರೆದೆ. ಒಂದು ಬದಿ ಸಾಲಲಿಲ್ಲ. ಕಾರ್ಡಿನ ಮುಂಬದಿಯಲ್ಲಿ ವಧೂವರರ ಹೆಸರಿನ ಸುತ್ತ ಖಾಲಿಯಿದ್ದ ಅಂಚಿನಲ್ಲೂ ಬರೆದೆ.

ಬುಧವಾರ ಗೆಳತಿ ಹೊಸ ವಾದವನ್ನು ಬರೆದಳು. ಮಗು ಮನೆಯಿಂದ ತರುವ ಮಾತಿನಿಂದಲೇ ಶಾಲೆ ಶುರುವಾಗಲಿ, ಕನ್ನಡವನ್ನು ಆ ಮಾತಿನ ಕೈಹಿಡಿದು ಕಲಿಸಲಿ, ಅದಕ್ಕೆ ತಾಂಡಾದಲ್ಲೇ ಓದು ಬಲ್ಲ ಒಬ್ಬರನ್ನು ಮೊದಲ ಎರಡು ವರ್ಷಕ್ಕೆ ಶಾಲೆಯಲ್ಲಿಡಲಿ. ಹೌದು ಎಂಬ ನಮ್ಮ ಉತ್ತರ ಹೌದಾಗಿಯೇ ಉಳಿಯಿತು. ಆದರೆ ಮಾತೃಭಾಷೆ ಯಾವುದೆಂದು ರಿಜಿಸ್ಟರನ್ನಲ್ಲ, ಮನೆಯನ್ನು ಕೇಳಬೇಕೆಂದು ಬರೆದೆವು. ಹದಿನೈದು ಪುಟದ ಮಿತಿಗೆ ಆಯೋಗಗಳ ಉದ್ಧರಣೆಗಳನ್ನು ಕಿತ್ತು ಹಾಕಿದೆವು. ಗ್ರಂಥಾಲಯದಲ್ಲಿ ನಾನು ಎರಡು ದಿನ ಕೂತು ಇಳಿಸಿಕೊಂಡದ್ದೆಲ್ಲ ಹೋಯಿತು. ಗುರುವಾರ, ಶುಕ್ರವಾರ ಮಷೀನಿನ ಮುಂದಿನಿಂದ ಏಳಲಿಲ್ಲ. ಬೆರಳ ತುದಿ ಊದಿಕೊಂಡಿತು.

ಶನಿವಾರ ಸರ್ ಮುಂದೆ ಪ್ರತಿಗಳನ್ನಿಟ್ಟೆವು. ನಿಂತುಕೊಂಡೇ ಮೊದಲ ಪುಟ ಓದಿದರು. “ನಾನು ಒಪ್ಪಂಗಿಲ್ಲ,” ಎಂದು ಪೆನ್ನು ತೆಗೆದರು. “ಆದ್ರ ನೀವು ನೋಡಿದ್ದು ನೀವು ಬರದೀರಿ.” ಸಹಿ ಮಾಡಿ ಕಳಿಸಿದರು.

ಬಿ.ಎ. ಪರೀಕ್ಷೆ ಮುಗಿದು ಬೇಸಿಗೆಯಲ್ಲಿ ಸ್ಪರ್ಧೆಯ ಫಲಿತಾಂಶ ಬಂತು. ಬೇರೆ ಯಾವುದೋ ಕಾಲೇಜಿನ ಪ್ರಬಂಧ ಆಯ್ಕೆಯಾಗಿತ್ತು. ನಮ್ಮದು ವಾಪಸು ಬಂದಾಗ ಮೊದಲ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸಾಲಿತ್ತು: ಸಾರಾಂಶಕ್ಕೂ ಪ್ರಬಂಧಕ್ಕೂ ಹೊಂದಿಕೆ ಇಲ್ಲ. ಒಳಗಿನ ಪುಟಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ಓದಿದ್ದರೋ ಇಲ್ಲವೋ ದೇವರೇ ಬಲ್ಲ.

ಅಬ್ಬಾಗೆ ಹೇಳಿದೆ. “ಏನು ಬರೆದಿದ್ದಿ, ಓದಿ ಹೇಳು,” ಎಂದರು. ಕನ್ನಡದ ಪುಟ ಮುಂದಿಟ್ಟುಕೊಂಡು ದಖನಿಯಲ್ಲಿ ಹೇಳುತ್ತ ಹೋದೆ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದರು. ತಾಂಡಾದ ಮಕ್ಕಳು ಮಾತಿಲ್ಲದೆ ಕೂರುವ ಭಾಗ ಬಂದಾಗ ಕಣ್ಣು ತೆರೆದರು.

“ತೂ ಭೀ ಐಸಾಚ್ ಬೈಠೀ ಥೀ ಕ್ಯಾ?” ನೀನೂ ಹೀಗೇ ಕೂತಿದ್ದಿಯಾ?

“ಹೌ ಅಬ್ಬಾ,” ಎಂದೆ. “ಒಂದು ವರ್ಷ.”

“ಮನೆಯಲ್ಲಿ ಹೇಳಲೇ ಇಲ್ಲ.”

“ನೀವು ಎಷ್ಟು ಖುಷಿಯಿಂದ ಹಾಕಿದ್ದಿರಿ.”

ಅವರು ಮುಖ ಒರೆಸಿಕೊಂಡರು. ಕನ್ನಡ ಶಾಲೆಗೆ ಹಾಕಿದ್ದು ತಪ್ಪೆಂದು ನಾನು ಹೇಳಿರಲಿಲ್ಲ, ಅದು ತಪ್ಪೂ ಅಲ್ಲ, ಆ ಕನ್ನಡದಲ್ಲೇ ಇದನ್ನು ಬರೆಯುತ್ತಿದ್ದೇನೆ. ಅದನ್ನು ಅವರಿಗೆ ಹೇಗೆ ಹೇಳುವುದೆಂದು ಹೊಳೆಯಲಿಲ್ಲ. ಜುಲೈ ಮೊದಲ ದಿನ ಅವರೇ ನನ್ನನ್ನು ಕಪನೂರಿಗೆ ಕರೆದುಕೊಂಡು ಹೋಗಿ ಮಿಲ್ಲಿನ ಆಫೀಸಿನಲ್ಲಿ ಕೂರಿಸಿ ಬಂದರು.

ಒಳ್ಳೆಯದನ್ನೇ ಮಾಡಿದಿರಿ, ಹೆಮ್ಮೆಪಡಬೇಕು ಎಂದು ಈ ಕಥೆ ಕೇಳಿದವರು ಹೇಳುತ್ತಾರೆ. ನನಗೆ ಅದನ್ನು ಕೇಳಿದರೆ ಸಿಟ್ಟು ಬರುತ್ತದೆ. ಆ ಕಾರ್ಡುಗಳನ್ನು ಇವತ್ತು ಕೊಟ್ಟರೂ ಒಳಗೇ ಹಾಕುತ್ತೇನೆ. ಆ ಎರಡು ವರ್ಷವೂ ನನಗೆ ಬೇಕಾಗಿತ್ತು. ಒಂದು ಇನ್ನೊಂದನ್ನು ತುಂಬಿಕೊಡಲಿಲ್ಲ.

ಗೆಳತಿಯ ಎಂ.ಎ. ತರಗತಿಗಳು ಶುರುವಾದ ದಿನ ಅವಳು ಮನೆಗೂ ಹೋಗದೆ ಸೀದಾ ನಮ್ಮಲ್ಲಿಗೆ ಬಂದಳು. ನಾನು ಮಿಲ್ಲಿನಿಂದ ಬಂದು ಮುಖ ತೊಳೆದಿದ್ದೆ ಅಷ್ಟೆ. ನನಗೆ ತಪ್ಪಿಹೋಗಬಾರದೆಂದು ಅವಳು ಚೀಲ ಬಿಚ್ಚಿ, ಹೊಸ ನೋಟ್‌ಬುಕ್ಕು ತೆಗೆದು, ಆ ದಿನದ ಪಾಠವನ್ನು ಮೊದಲಿನಿಂದ ಹೇಳತೊಡಗಿದಳು. ಯಾವ ಸರ್ ಏನೆಂದರು, ಯಾವ ಪುಸ್ತಕ ಓದಬೇಕಂತೆ, ಎಲ್ಲ. ಅರ್ಧ ತಾಸು ಕೇಳಿದೆ.

“ನಾಳಿಂದ ಇದನ್ನ ಹೇಳಬ್ಯಾಡ,” ಎಂದೆ.

“ಯಾಕ?”

“ಕೇಳಿದ್ರ ಬೇಕನಿಸ್ತದ.”

ಅವಳು ನೋಟ್‌ಬುಕ್ಕು ಮುಚ್ಚಿದಳು. ಮುಂದೆ ಎರಡು ವರ್ಷ ವಾರಕ್ಕೆರಡು ಸಲವಾದರೂ ಬರುತ್ತಿದ್ದಳು, ಲೋಕದ ಮಾತೆಲ್ಲ ಆಡುತ್ತಿದ್ದಳು, ಕ್ಲಾಸಿನ ಮಾತು ಎತ್ತಲಿಲ್ಲ. ಆದರೂ ನನ್ನ ಕಣ್ಣು ಅವಳ ಚೀಲದ ಮೇಲೆ ಹೋಗುತ್ತಿತ್ತು, ಅದನ್ನೂ ಅವಳು ಕಂಡಳು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ಮನೆಯ ಹುಡುಗಿ, ಆಮೇಲೆ ಆಮೇಲೆ ಚೀಲವನ್ನು ಹೊಸ್ತಿಲಾಚೆ ಚಪ್ಪಲಿಗಳ ಪಕ್ಕ ಬಿಟ್ಟು ಒಳಗೆ ಬರತೊಡಗಿದಳು.